ಗುರುವಾರ ಎರಡು ಗಂಟೆಯೊಳಗೆ

ನನ್ನ ಅಕ್ಕನ ಮಗಳು ಪ್ರತಿಮಾಳಿಗೆ ದುಬೈಯ ಒಂದು ಆರ್ಕಿಟೆಕ್ಟ್ ಕಚೇರಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಕೆಲಸ ಸಿಕ್ಕಿದೆ. ಹೊರಡುವ ಮೊದಲು ಉಡುಪಿಯ ನಮ್ಮ ಫ್ಲ್ಯಾಟಿಗೆ ಬಂದಿದ್ದಳು. "ಚಿಕ್ಕಮ್ಮ, ನೀವು ಅಷ್ಟು ವರ್ಷ ಅದನ್ನೇ ಮಾಡಿದ್ದಲ್ವಾ? ಎಂಥ ಇರ್ತದೆ ಅದ್ರಲ್ಲಿ? ಬರೀ ಫೈಲ್ ಜೋಡಿಸೋದಾ?" ಎಂದು ಕೇಳಿದಳು.

"ಹೌದು, ಬರೀ ಫೈಲ್" ಎಂದೆ. ಅವಳು ನಕ್ಕು, ಚಹಾ ಕುಡಿದು ಹೋದಳು. ಹೋದ ಮೇಲೆ, ಮಗುವಿಗೆ ಸುಳ್ಳು ಹೇಳಿದೆನಲ್ಲ ಅನಿಸಿತು. ಅದಕ್ಕೇ ಇದನ್ನು ಬರೆಯಲು ಕುಳಿತೆ. ಅವಳು ಓದಲಿ, ಅವಳ ಹಾಗೆ ಈ ಕೆಲಸಕ್ಕೆ ಹೋಗುವ ಬೇರೆಯವರೂ ಓದಲಿ.

ನಮ್ಮ ಕಚೇರಿ ಇದ್ದದ್ದು ಅಲ್ ಬರ್ಷಾದಲ್ಲಿ, ದೊಡ್ಡ ಮಾಲ್‌ನ ಹಿಂದಿನ ರಸ್ತೆಯ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ನನ್ನ ಮೇಜಿನ ಕಿಟಕಿಯಿಂದ ಮೆಟ್ರೋ ರೈಲು ಹೋಗುವುದು ಕಾಣುತ್ತಿತ್ತು. ನಾವು ಹನ್ನೊಂದು ಜನ. ನಡುವಿನ ಕೋಣೆಯಲ್ಲಿ ಪ್ಲಾಟರ್ ಯಂತ್ರ ದಿನವಿಡೀ ನಕ್ಷೆಗಳನ್ನು ಉಗುಳುತ್ತಿತ್ತು. ಕಾಗದ ಇನ್ನೂ ಬೆಚ್ಚಗಿರುವಾಗಲೇ ಅದನ್ನು ಮೇಜಿನ ಮೇಲೆ ಹರಡಿ ಮಡಚುತ್ತಿದ್ದೆವು. ನಕ್ಷೆ ಮಡಚುವುದಕ್ಕೆ ಒಂದು ಕ್ರಮ ಇದೆ. ಎಷ್ಟೇ ದೊಡ್ಡ ಹಾಳೆಯಾದರೂ ಮಡಚಿದ ಮೇಲೆ ಅದರ ಶೀರ್ಷಿಕೆ ಮತ್ತು ಸಂಖ್ಯೆ ಮೇಲೆ ಕಾಣಬೇಕು. ನಿವೃತ್ತಿಯಾಗಿ ಇಷ್ಟು ಕಾಲವಾದರೂ ಬೆಡ್‌ಶೀಟನ್ನು ನಾನು ಹಾಗೆಯೇ ಮಡಚುತ್ತೇನೆ. ಗುರುವಾರ ಮಧ್ಯಾಹ್ನ ಕೆಲಸ ಮುಗಿದರೆ ಶುಕ್ರವಾರ, ಶನಿವಾರ ರಜೆ. ಪ್ರತಿ ಗುರುವಾರ ಮೂರು ಗಂಟೆಯ ಹೊತ್ತಿಗೆ ಕೆಳಗಿನ ಅಂಗಡಿಯಿಂದ ಕರಕ್ ಚಹಾ ಬರುತ್ತಿತ್ತು. ಎಲ್ಲರೂ ಪ್ಲಾಟರ್ ಸುತ್ತ ನಿಂತು ಕುಡಿಯುತ್ತಿದ್ದೆವು. ಈಗ ಆ ಮಹಡಿಯಲ್ಲಿ ಹಲ್ಲಿನ ಆಸ್ಪತ್ರೆ ಇದೆಯಂತೆ. ಕೇಳಿದ ದಿನ ಯಾಕೋ ಊಟ ಸೇರಲಿಲ್ಲ.

ನನ್ನ ಕೆಲಸವನ್ನು ಒಂದು ಮಾತಿನಲ್ಲಿ ಹೇಳುವುದಾದರೆ ಹೀಗೆ: ಕಚೇರಿಯಿಂದ ಹೊರಗೆ ಹೋಗುವ ಪ್ರತಿ ನಕ್ಷೆ, ಪ್ರತಿ ಪತ್ರ ಯಾವ ದಿನ ಹೋಯಿತು, ಎಷ್ಟನೆಯ ತಿದ್ದುಪಡಿ, ಯಾರ ಕೈಗೆ ತಲುಪಿತು ಎಂಬುದನ್ನು ರಿಜಿಸ್ಟರಿನಲ್ಲಿ ಬರೆದಿಡುವುದು. ಪ್ರತಿಯೊಂದಕ್ಕೂ ಎರಡು ಪ್ರತಿ. ಒಂದು ಅವರಿಗೆ. ಇನ್ನೊಂದರ ಮೇಲೆ ಅವರ ಕಚೇರಿಯ ‘ರಿಸೀವ್ಡ್’ ಮೊಹರು ಮತ್ತು ತಾರೀಖು ಹಾಕಿಸಿಕೊಂಡು ವಾಪಸ್ ತರಬೇಕು. ಆ ಮೊಹರು ಇಲ್ಲದಿದ್ದರೆ ಕಾಗದ ಹೋಗಿಯೂ ಹೋಗದ ಹಾಗೆ. ನಾಳೆ ಜಗಳವಾದರೆ, "ನಮಗೆ ಬಂದೇ ಇಲ್ಲ" ಎನ್ನುವುದು ಅವರಿಗೆ ಬಹಳ ಸುಲಭ.

ಸೇರಿದ ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಹೊಸ ನಕ್ಷೆ ಬಂದ ಮೇಲೂ ಹಳೆಯದನ್ನೇ ಸೈಟಿಗೆ ಕಳಿಸಿದೆ. ಅವರು ಅದನ್ನು ನೋಡಿ ಒಂದು ಕಂಬದ ಅಡಿಪಾಯಕ್ಕೆ ಕಾಂಕ್ರೀಟ್ ಸುರಿದುಬಿಟ್ಟರು. ನಮ್ಮ ಕಚೇರಿಯ ಮುಖ್ಯಸ್ಥರು ಆಳ್ವ ಸರ್, ಪುತ್ತೂರಿನ ಕಡೆಯವರು. ಒಳ್ಳೆಯ ಆರ್ಕಿಟೆಕ್ಟ್. ಅವರು ಬೈಯಲಿಲ್ಲ. ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಸೈಟಿಗೆ ಕರೆದುಕೊಂಡು ಹೋದರು. ಆ ಕಾಂಕ್ರೀಟನ್ನು ಒಡೆಯುತ್ತಿದ್ದರು. ಜೂನ್ ತಿಂಗಳ ಬಿಸಿಲು. ಇಬ್ಬರು ಕೆಲಸಗಾರರು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಯಂತ್ರ ಹಿಡಿದಿದ್ದರು.

"ವಾರಿಜಾ, ಎಷ್ಟು ಹೊತ್ತು ಹಿಡೀತದೆ ನೋಡಿಕೊಳ್ಳಿ" ಎಂದು ಹೇಳಿ ಅವರು ನೆರಳಿಗೆ ಹೋದರು. ನಾನು ಅಲ್ಲೇ ನಿಂತೆ. ಆ ದಿನದ ನಂತರ ಹಳೆಯ ನಕ್ಷೆ ನನ್ನ ಕೈಯಿಂದ ಎಲ್ಲಿಗೂ ಹೋಗಲಿಲ್ಲ. ಹೆದರಿಸದೆ ಕಲಿಸುವವರು ಆಳ್ವ ಸರ್. ಅವರ ಒಂದೇ ದೋಷವೆಂದರೆ ದುಡ್ಡು ಕೇಳಲು ನಾಚಿಕೆ.

ಇನ್ನು ಲಾರೆನ್ಸರ ಬಗ್ಗೆ ಹೇಳಬೇಕು. ಅವರು ನಮ್ಮ ಮಂದೂಬ್. ಎಂದರೆ ಸರಕಾರಿ ಕಚೇರಿಗಳಿಗೆ, ಮಾಲೀಕರ ಕಚೇರಿಗಳಿಗೆ ಕಾಗದ ತೆಗೆದುಕೊಂಡು ಹೋಗಿ ಕೆಲಸ ಮಾಡಿಸಿಕೊಂಡು ಬರುವವರು. ಶಿರ್ವದ ಕಡೆಯ ಕ್ಯಾಥೊಲಿಕರು. ಊರಿನಲ್ಲಿ ನಾವು ಕರೆಯುವ ಹಾಗೆಯೇ ನಾನು ಅವರನ್ನು ‘ಪೊರ್ಬುಗಳೇ’ ಎಂದು ಕರೆಯುತ್ತಿದ್ದೆ. ನನಗಿಂತ ನಾಲ್ಕು ವರ್ಷ ದೊಡ್ಡವರಾದರೂ ಅವರು ನನ್ನನ್ನು ‘ವಾರಿಜಕ್ಕ’ ಎನ್ನುತ್ತಿದ್ದರು.

ಮೊಹರು ಹಾಕಿಸಿಕೊಳ್ಳುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಬಾಕಿ ಉಳಿಸಿಕೊಂಡ ಮಾಲೀಕರು ತಮ್ಮ ರಿಸೆಪ್ಶನಿಸ್ಟ್‌ಗಳಿಗೆ, ನಮ್ಮ ಕಡೆಯ ಯಾವ ಕಾಗದಕ್ಕೂ ಮೊಹರು ಒತ್ತಬೇಡಿ ಎಂದು ಹೇಳಿರುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಫಿಲಿಪೀನ್ಸಿನ ಹುಡುಗಿ ತಲೆ ಎತ್ತದೆ, "ನೋ ಸ್ಟಾಂಪ್ ಸರ್. ಬಾಸ್ ನಾಟ್ ಹಿಯರ್" ಎಂದಳು.

"ನೋ ಪ್ರಾಬ್ಲೆಮ್ ಸಿಸ್ಟರ್" ಎಂದು ಲಾರೆನ್ಸ್ ಅಲ್ಲೇ ಸೋಫಾದಲ್ಲಿ ಕುಳಿತರು. ಅರ್ಧ ಗಂಟೆಯಾಯಿತು. ತಿಂಡಿಯ ಡಬ್ಬಿ ತೆರೆದು ಅವಳಿಗೂ ಒಂದು ಬನ್ಸ್ ಕೊಟ್ಟರು. ಅವಳ ಮಗ ಎಷ್ಟನೆಯ ತರಗತಿ, ಮನಿಲಾದಲ್ಲಿ ಯಾರ ಹತ್ತಿರ ಇದ್ದಾನೆ, ಎಲ್ಲ ವಿಚಾರಿಸಿದರು. ಒಂದೂವರೆ ಗಂಟೆಯ ನಂತರ ಅವಳು ಮೊಹರನ್ನು ಮೇಜಿನ ಮೇಲಿಟ್ಟು, "ಐ ಗೋ ವಾಷ್‌ರೂಮ್" ಎಂದು ಎದ್ದು ಹೋದಳು. ಲಾರೆನ್ಸ್ ಅದನ್ನು ಮುಟ್ಟಲಿಲ್ಲ. ಅವಳು ವಾಪಸ್ ಬಂದು ನೋಡಿ ನಕ್ಕುಬಿಟ್ಟಳು. ತಾನೇ ಒತ್ತಿ ಕೊಟ್ಟಳು.

"ಅಲ್ಲ ಪೊರ್ಬುಗಳೇ, ಅವಳು ಹೋದಾಗ ನೀವೇ ಒತ್ತಬಹುದಿತ್ತಲ್ಲ?" ಎಂದೆ ಲಿಫ್ಟಿನಲ್ಲಿ.

"ಕದ್ದ ಮೊಹರು ಕೋರ್ಟಲ್ಲಿ ನಿಲ್ತದಾ ಮಾರಾಯ್ರೆ? ಮತ್ತೆ ಆ ಹುಡುಗಿಯ ಕೆಲಸ ಹೋದ್ರೆ ನೀವು ಕೊಡ್ತೀರಾ?"

ಇಷ್ಟು ಗೊತ್ತಿದ್ದ ನಾವೇ ಖಲೀಫಾ ಸಿಟಿಯ ಶಾಲೆಯ ವಿಷಯದಲ್ಲಿ ಎಡವಿದೆವು. ೨೦೧೦ರ ದಶಕದ ನಡುವಿನ ಮಾತು.

ಅಬುಧಾಬಿಯ ಹೊರಗೆ, ವಿಮಾನ ನಿಲ್ದಾಣದ ಕಡೆಗೆ ಇರುವ ಖಲೀಫಾ ಸಿಟಿಯಲ್ಲಿ ಒಬ್ಬ ಸ್ಥಳೀಯ ಹಿರಿಯರು ಶಾಲೆ ಕಟ್ಟಿಸಲು ಹೊರಟಿದ್ದರು. ಆಳ್ವ ಸರ್ ಆ ಶಾಲೆಯ ಮೇಲೆ ಪ್ರೀತಿಯಿಂದ ಕೆಲಸ ಮಾಡಿದರು. ನಡುವೆ ಅಂಗಳ, ಅಂಗಳದ ಸುತ್ತ ಮೂರು ಕಡೆ ನೆರಳು, ಗಾಳಿ ಬರುವ ಕಡೆಗೆ ತೆರೆದ ಜಾಲಂಧ್ರ. ಬೇಸಿಗೆಯಲ್ಲೂ ಮಕ್ಕಳು ಅಂಗಳದಲ್ಲಿ ಹತ್ತು ನಿಮಿಷ ನಿಲ್ಲುವಂತಾಗಬೇಕು ಎಂಬುದು ಅವರ ಹಟ. ಆ ನಕ್ಷೆಗಳು ಪ್ಲಾಟರಿನಿಂದ ಬರುವಾಗ ಎಲ್ಲರೂ ಕೆಲಸ ಬಿಟ್ಟು ಬಂದು ನೋಡುತ್ತಿದ್ದರು.

ಕಟ್ಟಡ ಎರಡನೇ ಮಹಡಿಯವರೆಗೆ ಎದ್ದಿತು. ಆಮೇಲೆ ಮಾಲೀಕರ ಪಾಲುದಾರರು ಹಿಂದೆ ಸರಿದರು, ಕೆಲಸ ನಿಂತಿತು. ನಮ್ಮ ಶುಲ್ಕವೂ ನಿಂತಿತು. ಆ ವರ್ಷ ನಮ್ಮ ಹತ್ತಿರ ಇದ್ದ ದೊಡ್ಡ ಕೆಲಸ ಅದೊಂದೇ. ಸಂಬಳ ಮೊದಲು ಒಂದು ತಿಂಗಳು ತಡವಾಯಿತು, ಆಮೇಲೆ ಎರಡು. ಆ ಊರಿನಲ್ಲಿ ಕೆಲಸ ಇದ್ದರೆ ವೀಸಾ, ವೀಸಾ ಇದ್ದರೆ ಮನೆ, ಮಕ್ಕಳ ಶಾಲೆ ಎಲ್ಲ. ಕಚೇರಿ ಮುಚ್ಚಿದರೆ ಹನ್ನೊಂದು ಮನೆಗಳವರು ಸಾಮಾನು ಕಟ್ಟಬೇಕು. ನನ್ನ ಗಂಡ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಕಾರ್ಖಾನೆಯೊಂದರಲ್ಲಿ ಇದ್ದುದರಿಂದ ನಮಗೆ ಒಂದು ಆಧಾರವಿತ್ತು. ಉಳಿದವರಿಗೆ ಅದೂ ಇರಲಿಲ್ಲ. ಲಾರೆನ್ಸರ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು.

ಆಳ್ವ ಸರ್ ಮಾಲೀಕರಿಗೆ ಬಾಕಿಯ ಪತ್ರ ಬರೆದರು. ಮೂರು ಪತ್ರ, ಎರಡೆರಡು ತಿಂಗಳ ಅಂತರದಲ್ಲಿ. ಮೂರನ್ನೂ ಲಾರೆನ್ಸರ ಕೈಯಲ್ಲಿ ಕಳಿಸದೆ ತಾವೇ ತೆಗೆದುಕೊಂಡು ಹೋದರು. ಮಾಲೀಕರು ಅವರನ್ನು ತಮ್ಮ ಮನೆಯ ಮಜ್ಲಿಸ್‌ನಲ್ಲಿ, ಅತಿಥಿಗಳನ್ನು ಕೂರಿಸುವ ದೊಡ್ಡ ಕೋಣೆಯಲ್ಲಿ, ಪಕ್ಕದಲ್ಲಿ ಕೂರಿಸಿಕೊಂಡು ಅರಬ್ಬಿ ಕಾಫಿ ಗಹ್ವಾ ಕುಡಿಸಿ, ಖರ್ಜೂರ ಕೊಟ್ಟು, ಅಂಗಳದ ಗಾಳಿಯ ಬಗ್ಗೆ ಮಾತಾಡಿ, ಪತ್ರವನ್ನು ತೆಗೆದು ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದರಂತೆ.

"ಸರ್, ನಮ್ಮ ಪ್ರತಿಗೆ ಮೊಹರು?" ಎಂದು ನಾನು ಪ್ರತಿ ಸಲವೂ ಕೇಳಿದೆ.

"ಒಬ್ಬರ ಮನೆಯಲ್ಲಿ ಕೂತು ಕಾಫಿ ಕುಡಿದು, ಇದಕ್ಕೊಂದು ಸ್ಟಾಂಪ್ ಹಾಕಿ ಕೊಡಿ ಅಂತ ಕೇಳ್ಲಿಕ್ಕೆ ಆಗ್ತದಾ ವಾರಿಜಾ? ಅವರಿಗೆ ಏನು ಅನಿಸೀತು?"

ನಾನು ಪಟ್ಟು ಹಿಡಿಯಬೇಕಿತ್ತು. ಮರುದಿನ ಲಾರೆನ್ಸರ ಕೈಯಲ್ಲಿ ಅದೇ ಪತ್ರದ ಇನ್ನೊಂದು ಪ್ರತಿಯನ್ನು ಮಾಲೀಕರ ಕಚೇರಿಗೆ ಕಳಿಸಬೇಕಿತ್ತು. ಕಳಿಸಲಿಲ್ಲ. ರಿಜಿಸ್ಟರಿನಲ್ಲಿ ‘ಖುದ್ದಾಗಿ ಕೊಡಲಾಗಿದೆ’ ಎಂದು ಮೂರು ಸಲ ಬರೆದೆ. ಪ್ರತಿಮಾ, ಈ ಬರಹದಲ್ಲಿ ನೀನು ಒಂದೇ ಸಾಲು ಓದುವುದಾದರೆ ಇದನ್ನು ಓದು: ಮೊಹರಿಲ್ಲದ ಕಾಗದವನ್ನು ‘ಕೊಡಲಾಗಿದೆ’ ಎಂದು ಬರೆಯಬೇಡ. ನಿನ್ನ ಮೇಲಿನವರು ಎಷ್ಟೇ ಒಳ್ಳೆಯವರಾಗಿರಲಿ.

ಆ ವರ್ಷದ ಚಳಿಗಾಲದಲ್ಲಿ ಒಂದು ಸೋಮವಾರ ಲಾರೆನ್ಸ್ ಹೊರಗಿನಿಂದ ಬಂದವರು ನೀರು ಕೂಡ ಕುಡಿಯದೆ ನೇರ ಆಳ್ವ ಸರ್ ಕೋಣೆಗೆ ಹೋದರು. ಸರಕಾರಿ ಅರ್ಜಿಗಳನ್ನು ತುಂಬಿಸಿಕೊಡುವ ಅಬುಧಾಬಿಯ ಟೈಪಿಂಗ್ ಸೆಂಟರ್ ಒಂದರಲ್ಲಿ ಅವರಿಗೆ ಸುದ್ದಿ ಸಿಕ್ಕಿತ್ತು. ಶಾಲೆಯ ಜಾಗವನ್ನು ಅರ್ಧ ಕಟ್ಟಡದ ಸಮೇತ ಬೇರೆಯವರಿಗೆ ಮಾರುತ್ತಿದ್ದಾರೆ. ಬರುವ ಭಾನುವಾರ ಹೆಸರು ಬದಲಾವಣೆ.

ಅಬುಧಾಬಿಯಲ್ಲಿದ್ದ ನಮ್ಮ ವಕೀಲರು ಈಜಿಪ್ಟಿನವರು. ಅವರಿಗೆ ಫೋನ್ ಮಾಡಿದೆವು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಕಟ್ಟಡ ಕಟ್ಟಿದ ಗುತ್ತಿಗೆದಾರನಿಗೂ ಅದನ್ನು ವಿನ್ಯಾಸ ಮಾಡಿದ ಎಂಜಿನಿಯರಿಗೂ ಬಾಕಿ ಶುಲ್ಕಕ್ಕಾಗಿ ಆ ಕಟ್ಟಡದ ಮೇಲೆಯೇ ಒಂದು ಹಕ್ಕನ್ನು ಅಲ್ಲಿನ ಕಾನೂನು ಕೊಡುತ್ತದೆ. ಆದರೆ ಆ ಹಕ್ಕಿಗೆ ಬೆಲೆ ಬರುವುದು ಅದು ಕಡತದಲ್ಲಿ ದಾಖಲಾದ ದಿನದಿಂದ. ಬಾಕಿ ಕೇಳಿ ದಾವೆ ಹೂಡಲು ವರ್ಷಗಳ ಕಾಲಾವಕಾಶ ಉಂಟು ಎಂದು ನಾವು ನಿಶ್ಚಿಂತೆಯಿಂದ ಇದ್ದೆವು. ಅದು ಬೇರೆ ಗಡುವು. ಕಟ್ಟಡದ ಮೇಲೆ ಹಕ್ಕು ಬರೆಸುವುದಕ್ಕೆ ಇರುವ ಗಡುವು ಬೇರೆ. ಕಟ್ಟಡ ಆ ಮಾಲೀಕರ ಹೆಸರಿನಲ್ಲಿ ಇರುವವರೆಗೆ ಮಾತ್ರ ಅದು ನಮ್ಮ ಕೈಯಲ್ಲಿರುತ್ತದೆ. ಈ ಎರಡನ್ನು ಒಂದೇ ಎಂದು ತಿಳಿದು ಮುಳುಗಿದ ಕಚೇರಿಗಳು ಎಷ್ಟೋ.

"ಗುರುವಾರ ಎರಡು ಗಂಟೆಗೆ ಕೋರ್ಟಿನ ಕೌಂಟರ್ ಮುಚ್ಚುತ್ತದೆ. ಆಮೇಲೆ ಭಾನುವಾರವೇ. ಅಷ್ಟರೊಳಗೆ ಅರ್ಜಿ ಬಿದ್ದರೆ ಮಾರಾಟಕ್ಕೆ ತಡೆ ಸಿಗಬಹುದು. ಇಲ್ಲದಿದ್ದರೆ ಖಲಾಸ್" ಎಂದರು ವಕೀಲರು. ಜೊತೆಗೆ, "ನಿಮ್ಮ ಕೆಲಸ ಅವರಿಗೆ ತಲುಪಿದೆ ಎನ್ನುವುದಕ್ಕೆ ಮೊಹರು ಇರುವ ಮೂಲ ಪ್ರತಿ ಕೊಡಿ. ಫೋಟೊಕಾಪಿ ನಡೆಯುವುದಿಲ್ಲ" ಎಂದರು.

ಮೂರು ಪತ್ರಗಳನ್ನು ಮೇಜಿನ ಮೇಲೆ ಇಟ್ಟೆ. ಒಂದಕ್ಕೂ ಮೊಹರಿಲ್ಲ. ಆಳ್ವ ಸರ್ ಅವುಗಳನ್ನು ನೋಡಿದರು, ನನ್ನನ್ನು ನೋಡಲಿಲ್ಲ.

ನೆನಪು ಮಾಡಿದ್ದು ಲಾರೆನ್ಸ್. "ಸರ್, ಕೊನೆಯ ನಕ್ಷೆಗಳ ಸೆಟ್ಟು ನಾನೇ ಕೊಟ್ಟದ್ದಲ್ವಾ? ಶಾಲೆಯ ಸೈಟ್ ಆಫೀಸಲ್ಲಿ. ಬಿಲ್ ಅದರ ಒಟ್ಟಿಗೇ ಹೋಗಿದೆ. ಅದಕ್ಕೆ ನಾನು ಮೊಹರು ತರದೆ ಬಿಟ್ಟಿರ್ಲಿಕ್ಕಿಲ್ಲ."

ಅದು ಹಳೆಯ ಕಡತಗಳ ಜೊತೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಬಾಡಿಗೆ ಗೋದಾಮಿಗೆ ಹೋಗಿತ್ತು. ಮಂಗಳವಾರ ಇಡೀ ದಿನ, ಬುಧವಾರ ಮಧ್ಯಾಹ್ನದವರೆಗೆ ನಾವಿಬ್ಬರೂ ಅಲ್ಲಿ ಪೆಟ್ಟಿಗೆ ತೆಗೆದೆವು. ಧೂಳಿನಲ್ಲಿ ಲಾರೆನ್ಸರ ಹುಬ್ಬು ಬೆಳ್ಳಗಾಗಿತ್ತು. ಪೆಟ್ಟಿಗೆಗಳ ಮೇಲೆ ನಂಬರ್ ಬರೆದದ್ದು ನಾನೇ, ಆದರೆ ಸಾಗಿಸಿದವರು ಅವುಗಳನ್ನು ತಲೆಕೆಳಗಾಗಿ ಜೋಡಿಸಿದ್ದರು.

"ವಾರಿಜಕ್ಕ, ನಿಮ್ಮ ಅಕ್ಷರ ಎಷ್ಟು ಚಂದ ಅಂದ್ರೆ, ತಲೆ ಕೆಳಗೆ ಮಾಡಿ ನಿಂತು ಓದುವ ಅಂತ ಆಗ್ತದೆ" ಎಂದು ಅವರು ಅಲ್ಲೂ ತಮಾಷೆ ಮಾಡಿದರು. ಬುಧವಾರ ಮಧ್ಯಾಹ್ನ ಆ ಹಾಳೆ ಸಿಕ್ಕಿತು. ನೀಲಿ ಮೊಹರು, ಸ್ವಲ್ಪ ಓರೆಯಾಗಿ. ತಾರೀಖು ಸ್ಪಷ್ಟವಾಗಿತ್ತು. ಅದನ್ನು ಎದೆಗೆ ಒತ್ತಿಕೊಂಡೆ. ಸಂಜೆಯೊಳಗೆ ಅದರ ಅರಬ್ಬಿ ಅನುವಾದವೂ ಆಯಿತು. ಎಲ್ಲವನ್ನೂ ಒಂದು ಹಸಿರು ಫೈಲಿನಲ್ಲಿ ಹಾಕಿಟ್ಟೆ. ಹಾಳೆಗಳ ಕ್ರಮ ನನಗೊಬ್ಬಳಿಗೇ ಗೊತ್ತಿದ್ದುದರಿಂದ ಲಾರೆನ್ಸರ ಜೊತೆ ನಾನೂ ಹೋಗುವುದೆಂದಾಯಿತು.

ಗುರುವಾರ ಬೆಳಿಗ್ಗೆ ಆರು ಗಂಟೆಗೆ ಅಲ್ ಬರ್ಷಾದಿಂದ ಹೊರಟೆವು. ದುಬೈಯಲ್ಲಿ ಆಕಾಶ ತಿಳಿಯಾಗಿತ್ತು. ಜೆಬೆಲ್ ಅಲಿ ದಾಟಿದ ಮೇಲೆ ಮಂಜು ಶುರುವಾಯಿತು. ಆ ರಸ್ತೆಯ ಮಂಜನ್ನು ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಒಂದು ಕಡೆ ಸಮುದ್ರ, ಒಂದು ಕಡೆ ಮರಳು. ಎರಡರ ನಡುವೆ ಅದು ಗೋಡೆಯಂತೆ ನಿಂತಿರುತ್ತದೆ. ಘಂತೂತ್‌ನ ಪೆಟ್ರೋಲ್ ಬಂಕಿನಲ್ಲಿ ಲಾರೆನ್ಸ್ ಕಾರು ನಿಲ್ಲಿಸಿದರು. ಅಲ್ಲಿ ಬಹಳ ಕಾರುಗಳು ನಿಂತಿದ್ದವು. ಜನ ಚಹಾದ ಲೋಟ ಹಿಡಿದು ರಸ್ತೆಯ ಕಡೆ ನೋಡುತ್ತಿದ್ದರು. ರಸ್ತೆ ಕಾಣುತ್ತಿರಲಿಲ್ಲ.

"ವಾರಿಜಕ್ಕ, ಒಂದು ಗಂಟೆ ಇಲ್ಲೇ ಕೂರುವನಾ? ಬಿಸಿಲು ಬಂದ್ರೆ ಇದು ಹೋಗ್ತದೆ."

ಗಡಿಯಾರ ನೋಡಿದೆ. ಏಳಕ್ಕೆ ಹತ್ತು ನಿಮಿಷವಿತ್ತು.

"ಎರಡು ಗಂಟೆಗೆ ಕೌಂಟರ್ ಮುಚ್ತದೆ ಪೊರ್ಬುಗಳೇ."

"ಅದು ಮಧ್ಯಾಹ್ನದ ಎರಡು. ಈಗ ಬೆಳಗ್ಗೆ ಅಲ್ವಾ?"

"ದಾರಿಯಲ್ಲಿ ಬ್ಲಾಕ್ ಆದ್ರೆ? ವಕೀಲರು ಸಿಗದಿದ್ರೆ? ನಿಧಾನ ಹೋಗುವಾ. ನಿಧಾನ ಹೋದ್ರೆ ಎಂಥ ಆಗುದಿಲ್ಲ."

ಅವರು ಇನ್ನೊಮ್ಮೆ ರಸ್ತೆಯ ಕಡೆ ನೋಡಿದರು. ಲೋಟವನ್ನು ಕಸದ ಡಬ್ಬಿಗೆ ಹಾಕಿ, "ಯಲ್ಲಾ, ಹೊರಡುವಾ" ಎಂದು ಕಾರು ಹತ್ತಿದರು.

ನಾನು ಎಷ್ಟು ಸಲ ಆ ಬಂಕಿಗೆ ವಾಪಸ್ ಹೋಗಿದ್ದೇನೋ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ದೇವರ ದೀಪ ಹಚ್ಚುವಾಗ. ಅಲ್ಲಿಂದ ಕೋರ್ಟಿಗೆ ಒಂದು ಗಂಟೆಯ ದಾರಿ. ಹತ್ತು ಗಂಟೆಗೆ ಹೊರಟಿದ್ದರೂ ಸಾಕಿತ್ತು, ಹನ್ನೊಂದಕ್ಕೆ ಹೊರಟಿದ್ದರೂ ಆಗುತ್ತಿತ್ತು. ಬಿ.ಕಾಂ. ಓದಿದ ನನಗೆ ಇಷ್ಟು ಸಣ್ಣ ಲೆಕ್ಕ ಆ ಹೊತ್ತಿಗೆ ಬರಲಿಲ್ಲ. ಮೂರು ಸಲ ‘ಖುದ್ದಾಗಿ ಕೊಡಲಾಗಿದೆ’ ಎಂದು ಬರೆದ ಕೈ ಅದು. ಆ ತಪ್ಪನ್ನು ಬೇಗ ಅಳಿಸಬೇಕೆಂಬ ಆತುರ. ಗಡುವಿನ ಭಯ ಎಂದರೆ ಇದೇ. ಮುಂದೆ ಎಷ್ಟು ಹೊತ್ತು ಉಳಿದಿದೆ ಎಂದು ಅದು ನೋಡಗೊಡುವುದಿಲ್ಲ.

ನಿಧಾನವಾಗಿಯೇ ಹೋದೆವು. ನಾಲ್ಕೂ ದೀಪ ಮಿಣುಕಿಸುತ್ತ, ಮುಂದಿನ ಪಿಕಪ್ ಗಾಡಿಯ ಕೆಂಪು ದೀಪವನ್ನೇ ಹಿಡಿದುಕೊಂಡು ಹೋಗುತ್ತಿದ್ದೆವು. ಇದ್ದಕ್ಕಿದ್ದ ಹಾಗೆ ಆ ಕೆಂಪು ದೀಪ ಹತ್ತಿರ ಬಂದಿತು. ಲಾರೆನ್ಸ್ ಬ್ರೇಕ್ ಹಾಕಿದರು. ಮೆತ್ತಗೆ ತಾಗಿದೆವು, ಅಷ್ಟೇ. ಆಮೇಲೆ ಹಿಂದಿನಿಂದ ಯಾರೋ ನಮ್ಮನ್ನು ಗುದ್ದಿದರು. ಪಿಕಪ್‌ನಲ್ಲಿದ್ದ ಪುದೀನದ ಪೆಟ್ಟಿಗೆಗಳು ನಮ್ಮ ಬಾನೆಟ್ಟಿನ ಮೇಲೆ ಉರುಳಿದವು.

"ಇಳೀರಿ! ಕಾರಲ್ಲಿ ಕೂರ್ಬೇಡಿ, ಇಳೀರಿ!" ಎಂದು ಲಾರೆನ್ಸ್ ಕೂಗಿದರು. ಇಬ್ಬರೂ ಬಲಗಡೆಗೆ ಓಡಿ, ಕಬ್ಬಿಣದ ತಡೆಪಟ್ಟಿ ದಾಟಿ ಮರಳಿಗೆ ಇಳಿದೆವು. ಪಿಕಪ್ ಓಡಿಸುತ್ತಿದ್ದ ಪಠಾಣನೂ ಬಂದ. ಮಂಜಿನೊಳಗಿಂದ ಶಬ್ದ ಮಾತ್ರ ಬರುತ್ತಿತ್ತು. ಬ್ರೇಕಿನ ಕಿರುಚಾಟ, ಆಮೇಲೆ ಬಡಿತ. ಮತ್ತೆ ಬ್ರೇಕ್, ಮತ್ತೆ ಬಡಿತ. ಒಂದೊಂದೂ ಹಿಂದಿನದಕ್ಕಿಂತ ಸ್ವಲ್ಪ ದೂರದಲ್ಲಿ. ಸರದಿ ಮುಗಿಯಿತೆಂದು ತೋರಿತು. ನಾವು ಬದುಕಿದೆವು ಎಂದುಕೊಂಡೆ. ಆಗ ನನ್ನ ಕೈ ಖಾಲಿ ಇರುವುದು ಗೊತ್ತಾಯಿತು.

"ಫೈಲ್!" ಎಂದು ಕೂಗಿದೆ.

ಅದು ಹಿಂದಿನ ಸೀಟಿನಲ್ಲಿತ್ತು. ಲಾರೆನ್ಸ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಡೆಪಟ್ಟಿ ದಾಟಿ ಓಡಿದರು. ಬಾಗಿಲು ತೆರೆದದ್ದು ಕೇಳಿತು, ಮುಚ್ಚಿದ್ದೂ ಕೇಳಿತು. ಹಸಿರು ಫೈಲ್ ಹಿಡಿದು ಅವರು ವಾಪಸ್ ಬರುವುದು ಕಂಡಿತು. ಒಂದು ಕಾಲು ಪಟ್ಟಿಯ ಮೇಲಿತ್ತು. ಅಷ್ಟರಲ್ಲಿ ಹಿಂದೆ ಎಲ್ಲೋ ಒಂದು ದೊಡ್ಡ ಲಾರಿ ಆ ಇಡೀ ಸಾಲನ್ನು ಮುಂದಕ್ಕೆ ನೂಕಿತು. ನಮ್ಮ ಕಾರು ಅಡ್ಡಡ್ಡ ಜಾರಿ ಬಂದು ಪಟ್ಟಿಗೆ ಒತ್ತಿಕೊಂಡಿತು.

ಅವರ ಇನ್ನೊಂದು ಕಾಲು ನಡುವೆ ಸಿಕ್ಕಿತ್ತು.

ಪಠಾಣ ಮತ್ತು ಇನ್ನಿಬ್ಬರು ಸೇರಿ ಕಾರನ್ನು ಸರಿಸಿದರು. ನಾನು ಲಾರೆನ್ಸರ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತೆ. ಅವರು ಕಿರುಚಲಿಲ್ಲ. ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದರು, ನಡುನಡುವೆ ಮರೆಯುತ್ತಿದ್ದರು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ಸುತ್ತ ಪುದೀನದ ಪರಿಮಳ. ಈಗಲೂ ನಮ್ಮ ಮನೆಯಲ್ಲಿ ಪುದೀನ ತರುವುದಿಲ್ಲ. ಆಂಬುಲೆನ್ಸ್ ಬರುವ ಹೊತ್ತಿಗೆ ಮಂಜು ತೆಳುವಾಗಿತ್ತು. ಸ್ಟ್ರೆಚರಿನ ಮೇಲೆ ಮಲಗಿಸುವಾಗ ಅವರು ಫೈಲನ್ನು ನನ್ನ ಕಡೆ ಚಾಚಿದರು.

"ವಾರಿಜಕ್ಕ, ಎರಡು ಗಂಟೆ" ಎಂದರು.

ನಾನು ಆಂಬುಲೆನ್ಸ್ ಹತ್ತಲಿಲ್ಲ. ಪೆಟ್ಟಾಗದವರನ್ನು ಪೊಲೀಸರು ಒಂದು ಬಸ್ಸಿನಲ್ಲಿ ಅಬುಧಾಬಿಗೆ ಕಳಿಸಿದರು. ಅಲ್ಲಿಂದ ಟ್ಯಾಕ್ಸಿ ಹಿಡಿದು ಕೋರ್ಟಿಗೆ ಹೋದೆ. ಹನ್ನೆರಡೂವರೆ ಆಗಿತ್ತು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ವಕೀಲರು ನನ್ನ ತಲೆಯಲ್ಲಿದ್ದ ಮರಳನ್ನು ನೋಡಿ ಏನೋ ಕೇಳಿದರು. ನಾನು ಹಾಳೆಗಳನ್ನು ಒಂದೊಂದಾಗಿ ತೆಗೆದು ಕೊಟ್ಟೆ. ಕ್ರಮ ತಪ್ಪಲಿಲ್ಲ. ಕೌಂಟರಿನಲ್ಲಿದ್ದ ಯುವತಿ ನಮ್ಮ ಪ್ರತಿಯ ಮೇಲೆ ಮೊಹರು ಒತ್ತಿ, ತಾರೀಖು ಬರೆದು, ಹೊತ್ತನ್ನೂ ಬರೆದು ಕೊಟ್ಟಳು. ಅದನ್ನು ಫೈಲಿಗೆ ಹಾಕಿ ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟೆ.

ಆಸ್ಪತ್ರೆ ತಲುಪುವ ಹೊತ್ತಿಗೆ ಆಳ್ವ ಸರ್ ಅಲ್ಲಿದ್ದರು. ಲಾರೆನ್ಸರ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಶನಿವಾರ ಶಾಲೆಯ ಮಾಲೀಕರು ಆಸ್ಪತ್ರೆಗೆ ಬಂದರು. ಜೊತೆಗೆ ಅವರ ಅಕೌಂಟೆಂಟ್, ಕೇರಳದವರು. ಮಾಲೀಕರು ಲಾರೆನ್ಸರ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಹೊರಗಿನ ಮೊಗಸಾಲೆಗೆ ಬಂದ ಮೇಲೆ ಆಳ್ವ ಸರ್ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ನಿಜವಾಗಿಯೂ ನೊಂದವರ ಹಾಗೆ ಕೇಳಿದರು: "ನನ್ನ ಆಫೀಸಿಗೆ ಯಾಕೆ ಕಾಗದ ಕಳಿಸಲಿಲ್ಲ? ನೀವು ಮನೆಗೆ ಬಂದಿರಿ, ಅತಿಥಿಯಾಗಿ. ಜಾಗ ಕೊಳ್ಳುವವರ ಮುಂಗಡ ಬಂದಾಗ ಬಾಕಿಯವರ ಪಟ್ಟಿ ಮಾಡಿಸಿದೆ. ಅದರಲ್ಲಿ ನಿಮ್ಮ ಹೆಸರು ಇರಲಿಲ್ಲ. ನಿಮಗೆ ಅವಸರವಿಲ್ಲ ಎಂದುಕೊಂಡೆ."

ಅಕೌಂಟೆಂಟ್ ತಲೆ ತಗ್ಗಿಸಿ ಹೇಳಿದರು, "ಮಾಫಿ ಸ್ಟಾಂಪ್, ಮಾಫಿ ಪೇಮೆಂಟ್. ಸ್ಟಾಂಪ್ ಇಲ್ಲದಿದ್ರೆ ಪೇಮೆಂಟೂ ಇಲ್ಲ. ನಮ್ಮಲ್ಲಿ ಹಾಗೆ ಸರ್. ಆಫೀಸಲ್ಲಿ ಸ್ಟಾಂಪ್ ಆದ ಕಾಗದ ಮಾತ್ರ ಪಟ್ಟಿಗೆ ಬರ್ತದೆ, ಸೈಟಲ್ಲಿ ಕೊಟ್ಟದ್ದು ಅಲ್ಲೇ ಉಳಿಯಿತು."

ಭಾನುವಾರ ಮಾರಾಟಕ್ಕೆ ತಡೆ ಬಿತ್ತು, ಆ ವಾರದೊಳಗೇ ಅವರು ನಮ್ಮ ಬಾಕಿಯನ್ನು ತೀರಿಸಿದರು. ನಾವು ಅರ್ಜಿ ಹಿಂದೆ ತೆಗೆದುಕೊಂಡೆವು, ಜಾಗ ಮಾರಾಟವಾಯಿತು. ತಡೆ ಬಿದ್ದದ್ದರಿಂದ ಕೊಟ್ಟರೋ, ಲಾರೆನ್ಸರನ್ನು ನೋಡಿ ಕೊಟ್ಟರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹನ್ನೊಂದು ಮನೆಗಳಲ್ಲಿ ಹತ್ತು ಮನೆಗಳವರು ಅಲ್ಲೇ ಉಳಿದೆವು. ಆಸ್ಪತ್ರೆಯಿಂದ ಬಂದು ಎರಡು ತಿಂಗಳಿಗೆ ಲಾರೆನ್ಸ್ ಊರಿಗೆ ಹೊರಟರು. ಕಚೇರಿಗೆ ಊರುಗೋಲಿನಲ್ಲಿ ಬಂದು ಎಲ್ಲರಿಗೂ ಚಹಾ ತರಿಸಿದರು. "ಇನ್ನು ನಿಮ್ಮ ಮೊಹರು ನೀವೇ ತರಬೇಕು" ಎಂದು ನಕ್ಕರು. ನಾವು ಯಾರೂ ನಗಲಿಲ್ಲ.

ಅದಾದ ಮೇಲೆ ಪದ್ಧತಿ ಬದಲಾಯಿತು. ಪತ್ರ, ನಕ್ಷೆ ಎಲ್ಲ ಆನ್‌ಲೈನ್ ಆಯಿತು. ಕಳಿಸಿದ ಹೊತ್ತು, ತೆರೆದ ಹೊತ್ತು ಯಂತ್ರವೇ ಬರೆದಿಡುತ್ತದೆ. ಯಾರೂ ಸೋಫಾದಲ್ಲಿ ಕಾಯಬೇಕಿಲ್ಲ, ಯಾರೂ ಮಂಜಿನಲ್ಲಿ ಹೋಗಬೇಕಿಲ್ಲ. ಒಳ್ಳೆಯದೇ ಆಯಿತು ಎಂದು ನೂರು ಸಲ ಹೇಳಿಕೊಂಡಿದ್ದೇನೆ. ಆದರೂ ಮಧ್ಯಾಹ್ನ ಮೂರರ ಹೊತ್ತಿಗೆ, ಬೆವರಿದ ಮುಖದಲ್ಲಿ ಬಾಗಿಲು ತಳ್ಳಿಕೊಂಡು ಬಂದು, "ತೆಕ್ಕೊಳ್ಳಿ ವಾರಿಜಕ್ಕ, ನಾಲ್ಕಕ್ಕೆ ನಾಲ್ಕೂ" ಎಂದು ಮೊಹರು ಬಿದ್ದ ಹಾಳೆಗಳನ್ನು ನನ್ನ ಮೇಜಿನ ಮೇಲೆ ಹರಡುವವರು ಒಬ್ಬರು ಇದ್ದರಲ್ಲ. ಯಂತ್ರ ತಪ್ಪು ಮಾಡುವುದಿಲ್ಲ, ಆದರೆ ಅದರ ದಾರಿ ನಾನು ಎಂದೂ ಕಾಯಲಿಲ್ಲ. ದಶಕ ಮುಗಿಯುವ ಮೊದಲು ಆಳ್ವ ಸರ್ ಕಚೇರಿ ಮುಚ್ಚಿ ಮಗಳ ಮನೆಗೆ ಹೋದರು. ಹೊಸ ಮಾಲೀಕರು ಪೂರ್ತಿ ಮಾಡಿದ ಆ ಶಾಲೆಯನ್ನು ಅವರು ಒಮ್ಮೆಯೂ ನೋಡಲು ಹೋಗಲಿಲ್ಲ.

ನನ್ನ ಮಗಳು, "ಅಮ್ಮಾ, ಸ್ಟಾಪ್ ಇಟ್. ಇಟ್ ವಾಸ್ ಆನ್ ಆಕ್ಸಿಡೆಂಟ್" ಎನ್ನುತ್ತಾಳೆ. ಅವಳು ಹುಟ್ಟಿ ಬೆಳೆದದ್ದು ಅಲ್ಲೇ, ಮಂಜನ್ನು ಅವಳೂ ನೋಡಿದ್ದಾಳೆ. ಆದರೆ ಆ ಬಂಕಿನಲ್ಲಿ ಅವಳು ಇರಲಿಲ್ಲ.

ಪ್ರತಿಮಾ ಬಂದು ಹೋದ ವಾರ ನಾನು ಶಿರ್ವಕ್ಕೆ ಹೋದೆ. ಲಾರೆನ್ಸ್ ಮತ್ತು ಅವರ ಹೆಂಡತಿ ಸಿಸಿಲಿಬಾಯಿ ಮನೆಯ ಮುಂದೆ ಮಲ್ಲಿಗೆ ಬೆಳೆಸಿದ್ದಾರೆ. ಆ ಊರಿನಲ್ಲಿ ತುಂಬಾ ಮನೆಗಳಿಗೆ ಅದೇ ಜೀವನ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹನ್ನೊಂದಕ್ಕೆ ಬರುವ ಹೂವಿನ ಗಾಡಿಗೆ ಕೊಡಬೇಕು. ಗಾಡಿ ತಪ್ಪಿದರೆ ಆ ದಿನದ ಹೂವಿಗೆ ಬೆಲೆಯಿಲ್ಲ. ಇಬ್ಬರೂ ಜಗಲಿಯಲ್ಲಿ ಕುಳಿತು ಕಟ್ಟುತ್ತಿದ್ದರು. ಕೃತಕ ಕಾಲು ಗೋಡೆಗೆ ಒರಗಿಸಿತ್ತು.

"ಓ, ಬನ್ನಿ ವಾರಿಜಕ್ಕ! ಫೋನಿಲ್ಲ, ಮೆಸೇಜಿಲ್ಲ. ಖುದ್ದಾಗಿ ಕೊಡಲಾಗಿದೆಯಾ?"

ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಫೋನಿನಲ್ಲಿ ಮಳೆ, ಮಕ್ಕಳು, ಸಕ್ಕರೆ ಕಾಯಿಲೆ ಎಲ್ಲ ಮಾತಾಡಿದ್ದೆವು. ಇದೊಂದನ್ನು ಮಾತ್ರ ಆಡಿರಲಿಲ್ಲ.

"ಪೊರ್ಬುಗಳೇ, ಆ ದಿವಸ ಫೈಲ್ ಅಂತ ಕೂಗಿದ್ದು ನಾನು."

"ಗೊತ್ತುಂಟು. ನನ್ನದು ಹೋದದ್ದು ಕಾಲು, ಕಿವಿ ಅಲ್ಲ" ಎಂದರು ಕಟ್ಟುವುದನ್ನು ನಿಲ್ಲಿಸದೆ. ಇನ್ನೊಂದು ಹಿಡಿ ಮೊಗ್ಗನ್ನು ಹತ್ತಿರ ಎಳೆದುಕೊಂಡು ಹೇಳಿದರು, "ಅದಕ್ಕೆ ನನಗೆ ಸಿಟ್ಟಿಲ್ಲ. ನೀವು ಕೂಗದಿದ್ರೂ ಹೋಗ್ತಿದ್ದೆ. ಆ ದಿವಸ ಒಂದು ಬಿಟ್ರೆ, ಫೈಲ್ ಬಿಟ್ಟು ಕಾರಿಂದ ಇಳಿದವನೇ ಅಲ್ಲ ನಾನು. ಆದ್ರೆ ಬಂಕಲ್ಲಿ ಕೇಳಿದೆ ನೋಡಿ, ಒಂದು ಗಂಟೆ ಕೂರುವನಾ ಅಂತ. ನೀವು ಕೂರ್ಲಿಲ್ಲ. ಅದಕ್ಕೆ ಸಿಟ್ಟು ಉಂಟು. ಸುಳ್ಳು ಯಾಕೆ ಹೇಳ್ಬೇಕು? ಈಗ್ಲೂ ಉಂಟು."

"ಏ, ಮನೆಗೆ ಬಂದವರ ಹತ್ರ ಎಂಥ ಮಾತದು?" ಎಂದರು ಸಿಸಿಲಿಬಾಯಿ.

"ನೀನು ಸುಮ್ನಿರು. ಅವರು ಇದನ್ನು ಕೇಳ್ಲಿಕ್ಕೇ ಬಂದದ್ದು."

ಹೌದು, ಅದಕ್ಕೇ ಹೋಗಿದ್ದೆ. ಕ್ಷಮಿಸಿ ಎಂದು ಹೇಳಲು ಬಾಯಿ ತೆರೆದೆ. ಅವರು ಒಂದು ಹಿಡಿ ಮೊಗ್ಗನ್ನೂ ನಾರನ್ನೂ ನನ್ನ ಮುಂದೆ ಇಟ್ಟು, "ಕಟ್ಲಿಕ್ಕೆ ಬರ್ತದಾ?" ಎಂದು ಕೇಳಿದರು. ಬರುವುದಿಲ್ಲ ಎಂದೆ. ತೋರಿಸಿಕೊಟ್ಟರು. ನನ್ನ ಬೆರಳುಗಳಿಗೆ ಒಗ್ಗಲಿಲ್ಲ, ಎರಡು ಸಲ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಹಳೆಯ ಕಚೇರಿಯ ಮಾತು ಬಂದಿತು. ಪ್ಲಾಟರ್, ಕರಕ್ ಚಹಾ, ಮನಿಲಾದ ಹುಡುಗಿಯ ಮಗ ಈಗ ಎಷ್ಟು ದೊಡ್ಡವನಾಗಿರಬಹುದು ಎಂಬ ಮಾತು. ನಾನು ಬಂದದ್ದರಿಂದ ಅವರ ಕೈ ನಿಧಾನವಾಗಿತ್ತು. ಬುಟ್ಟಿಯಲ್ಲಿ ಅರ್ಧಕ್ಕರ್ಧ ಮೊಗ್ಗು ಹಾಗೆಯೇ ಉಳಿದಿತ್ತು.

ರಸ್ತೆಯಲ್ಲಿ ಹಾರ್ನ್ ಕೇಳಿಸಿತು. ನಾನು ಗಾಬರಿಯಿಂದ ಎದ್ದೆ. "ಅಯ್ಯೋ, ಗಾಡಿ ಬಂತು! ಕಟ್ಟಿದಷ್ಟಾದ್ರೂ ಕೊಡುವಾ, ನಾನು ಓಡಿ ಕೊಟ್ಟು ಬರ್ತೇನೆ."

ಲಾರೆನ್ಸ್ ನನ್ನ ಸೆರಗನ್ನು ಹಿಡಿದು ಎಳೆದರು. ಗೇಟಿನ ಕಡೆಗೆ ಕೈ ಬೀಸಿ, "ಇವತ್ತು ಇಲ್ಲ, ಹೋಗು" ಎಂದು ಗಟ್ಟಿಯಾಗಿ ಕೂಗಿದರು.

"ಕೂತ್ಕೊಳ್ಳಿ ವಾರಿಜಕ್ಕ" ಎಂದರು.

ಗಾಡಿ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಹೊರಟಿತು. ನಾನು ಕುಳಿತೆ.